ಹಲ್ಲು ಸವೆಯುವ ಬಗೆ

ಮದುವೆಯಲ್ಲಿ ಉಡುಗೊರೆಯಾಗಿ ಬಂದ ಹಿತ್ತಾಳೆಯ ಕೊಡ, ತಾಮ್ರದ ತಂಬಿಗೆಗಳ ಮೇಲೆ ಕೊಟ್ಟವರ ಹೆಸರನ್ನು ಕೊರೆಸುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಅಂಥ ಹಳೆಯ ಪಾತ್ರೆಯೊಂದು ಮನೆಯಲ್ಲಿದ್ದರೆ ಓದುಗರು ಒಮ್ಮೆ ಅದನ್ನು ಕೈಗೆತ್ತಿಕೊಂಡು ನೋಡಬೇಕು. ನಲವತ್ತು ಐವತ್ತು ವರ್ಷಗಳ ಹಿಂದೆ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ಅಕ್ಷರಗಳು ಈಗ ಬೆರಳಿಗೆ ತಾಗುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅಲ್ಲೊಂದು ಇಲ್ಲೊಂದು ಗುರುತು ಕಂಡೀತು. ಆ ಹೆಸರನ್ನು ಯಾರೂ ಒಂದು ದಿನ ಕುಳಿತು ಅಳಿಸಿದವರಲ್ಲ. ಹಬ್ಬ ಹುಣ್ಣಿಮೆಗಳ ಮುನ್ನಾದಿನ ಹುಣಸೆಹಣ್ಣು ಹಚ್ಚಿ, ಬೂದಿಯಿಂದಲೋ ಇಟ್ಟಿಗೆಯ ಪುಡಿಯಿಂದಲೋ ತಿಕ್ಕಿ ಬೆಳಗಿದರು, ಅಷ್ಟೆ. ಹುಳಿಯು ಮೇಲಿನ ಪದರವನ್ನು ಕರಗಿಸಿತು. ಪುಡಿಯು ಅದನ್ನು ಒರೆಸಿಕೊಂಡು ಹೋಯಿತು. ಪಾತ್ರೆ ಪ್ರತಿಸಲವೂ ಹೊಸದರಂತೆ ಹೊಳೆದುದರಿಂದ ನಷ್ಟವಾದುದು ಯಾರ ಗಮನಕ್ಕೂ ಬರಲಿಲ್ಲ.

ನಮ್ಮ ಹಲ್ಲಿನ ಸವೆತವೂ ಬಹುಮಟ್ಟಿಗೆ ಇದೇ ರೀತಿಯದು. ಈ ತಿಂಗಳು ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ವಸ್ತು ಕಡಿಮೆಯಾಗುವುದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ಕಡಲು ದಡವನ್ನು ಕೊರೆಯುತ್ತದೆ. ಗಂಧದ ಕೊರಡು ಸಾಣೆಕಲ್ಲಿನ ಮೇಲೆ ತೇಯುತ್ತದೆ. ಪಾದರಕ್ಷೆಯ ಅಟ್ಟೆ ಸವೆಯುತ್ತದೆ. ಸಕ್ಕರೆ ಕರಗುತ್ತದೆ. ಪರಿಣಾಮ ಎಲ್ಲದರಲ್ಲಿಯೂ ಒಂದೇ ಆದರೂ ದಾರಿ ಬೇರೆ ಬೇರೆ. ಹಲ್ಲಿನ ಮಟ್ಟಿಗೆ ಈ ಭೇದವನ್ನು ಅರಿಯದೆ ಎಲ್ಲವನ್ನೂ ‘ಸವೆತ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದ ಪರಿಹಾರವೂ ದಾರಿ ತಪ್ಪುತ್ತದೆ. ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರು ‘ವಯಸ್ಸಾಯಿತು, ಹಲ್ಲು ಸವೆದಿವೆ’ ಎನ್ನುತ್ತಾರೆ. ಇಲ್ಲವೇ ‘ಕ್ಯಾಲ್ಸಿಯಂ ಕಡಿಮೆಯಾಗಿರಬೇಕು, ಮಾತ್ರೆ ಬರೆದುಕೊಡಿ’ ಎಂದು ಕೇಳುತ್ತಾರೆ. ವಯಸ್ಸು ಸವೆತಕ್ಕೆ ಅವಕಾಶ ಕೊಡುವುದು ನಿಜ, ಆದರೆ ಸವೆಸುವುದು ವಯಸ್ಸಲ್ಲ. ನುಂಗಿದ ಮಾತ್ರೆಯಿಂದಂತೂ ಹೋದ ಪದರ ಹಿಂದಿರುಗದು.

ಏಕೆಂದರೆ ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದ ಉಳಿದ ಭಾಗಗಳಂತಲ್ಲ. ತೂಕದಲ್ಲಿ ಅದರ ಶೇಕಡಾ 96ರಷ್ಟು ಭಾಗ ಖನಿಜವೇ. ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೂ ಅಗಿಯುವ ಹಲ್ಲಿನ ತುದಿಯಲ್ಲಿ ಅದರ ದಪ್ಪ ಸುಮಾರು ಎರಡು, ಎರಡೂವರೆ ಮಿಲಿಮೀಟರು, ವಸಡಿನ ಬಳಿ ಇನ್ನೂ ತೆಳುವು. ಮುರಿದ ಮೂಳೆ ಕೂಡುತ್ತದೆ, ಕೆರೆದ ಚರ್ಮ ಮಾಯುತ್ತದೆ, ಅಲ್ಲಿ ಜೀವಕೋಶಗಳಿವೆ. ಎನಾಮೆಲನ್ನು ಕಟ್ಟಿದ ಜೀವಕೋಶಗಳಾದರೋ ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಆರೇಳನೆಯ ವಯಸ್ಸಿನಲ್ಲಿ ಬಂದ ಹಲ್ಲಿಗೆ ಅಂದು ದೊರೆತ ಕವಚವೇ ಜೀವಮಾನದ ಬಂಡವಾಳ.

ಈ ಕವಚಕ್ಕೆ ಹುಳಿಯು ಏನು ಮಾಡುತ್ತದೆ ಎಂಬುದನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಒಲೆಯ ಕಟ್ಟೆಗೆ ಕಡಪ ಕಲ್ಲನ್ನೋ ನೆಲಕ್ಕೆ ಶಹಾಬಾದಿ ಫರಸಿಯನ್ನೋ ಹಾಸಿದವರಿಗೆ ಇದು ಗೊತ್ತು: ಹಿಂಡಿದ ನಿಂಬೆಯ ಹೋಳು ರಾತ್ರಿಯೆಲ್ಲ ಅದರ ಮೇಲೆ ಬಿದ್ದಿದ್ದರೆ ಬೆಳಿಗ್ಗೆ ಅಲ್ಲಿ ಹೊಳಪು ಹೋಗಿ ಬೆಳ್ಳಗಿನ ಮಚ್ಚೆಯುಳಿಯುತ್ತದೆ. ಅದು ಕಲೆಯಲ್ಲ, ತೊಳೆದರೆ ಹೋಗುವುದಿಲ್ಲ. ಈ ಎರಡೂ ಸುಣ್ಣದ ಜಾತಿಯ ಕಲ್ಲುಗಳಾದುದರಿಂದ ಹುಳಿಯು ಅಷ್ಟು ಭಾಗವನ್ನು ತಿಂದಿರುತ್ತದೆ. ಹಲ್ಲಿನ ಖನಿಜವೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳ ಹರಳು. ಕಲ್ಲಿಗಿಂತ ಬೇರೆಯಾದರೂ ಹುಳಿಗೆ ಮಣಿಯುವ ಸ್ವಭಾವ ಅದಕ್ಕೂ ಇದೆ.

ಹುಳಿಯ ತೀಕ್ಷ್ಣತೆಯನ್ನು ಅಳೆಯಲು ಪಿಎಚ್ ಎಂಬ ಮಾನವಿದೆ. ಶುದ್ಧ ನೀರಿನ ಪಿಎಚ್ 7. ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಅದೂ ಒಂದು ಅಂಕಿ ಇಳಿದರೆ ಹತ್ತು ಪಟ್ಟು. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಅದರ ಒಳಗಿನ ಪದರವಾದ ಡೆಂಟೀನ್ ಇನ್ನೂ ಮೃದು. ಅದು ಇದಕ್ಕಿಂತ ಮೊದಲೇ ಕರಗುತ್ತದೆ. ನಿಂಬೆರಸದ ಪಿಎಚ್ 2 ಮತ್ತು 3ರ ನಡುವೆ, ಕೋಲಾ ಪಾನೀಯಗಳದು ಸುಮಾರು 2.5. ಸಕ್ಕರೆರಹಿತ ಕೋಲಾ ನಿರಪಾಯವೆಂದು ಮಧುಮೇಹಿಗಳು ತಿಳಿಯುವುದುಂಟು. ಸಕ್ಕರೆಯ ಮಟ್ಟಿಗೆ ಅದು ಸರಿಯಿರಬಹುದು, ಹುಳಿಯ ಮಟ್ಟಿಗೆ ಅದೂ ಅಷ್ಟೇ.

ಹಾಗಾದರೆ ಸಾರು, ಗೊಜ್ಜು, ಚಿತ್ರಾನ್ನಗಳನ್ನು ಉಂಡು ಬೆಳೆದ ನಮ್ಮೆಲ್ಲರ ಹಲ್ಲುಗಳೂ ಎಂದೋ ಕರಗಿಹೋಗಬೇಕಿತ್ತಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಹಾಗಾಗದಿರುವುದಕ್ಕೆ ಕಾರಣ ಜೊಲ್ಲು. ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮ ಬಾಯಲ್ಲಿ ಸ್ರವಿಸುತ್ತದೆ. ಅದು ಹುಳಿಯನ್ನು ತೆಳುವಾಗಿಸುತ್ತದೆ, ತಣಿಸುತ್ತದೆ. ಹಲ್ಲಿನ ಮೇಲೆ ನವಿರಾದ ಪೊರೆಯೊಂದನ್ನು ಹಾಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟುಗಳನ್ನು ಮೆತ್ತಗಾದ ಪದರಕ್ಕೆ ಮರಳಿ ಕೊಟ್ಟು ಅದನ್ನು ಗಟ್ಟಿಗೊಳಿಸುತ್ತದೆ. ಅನ್ನದೊಡನೆ ಕಲಸಿದ ಹುಳಿ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಗಿಯುವಾಗ ಜೊಲ್ಲೂ ಧಾರಾಳವಾಗಿ ಬರುತ್ತದೆ. ಮಜ್ಜಿಗೆ ಹುಳಿಯೇ ಆದರೂ ಅದರಲ್ಲಿ ಕ್ಯಾಲ್ಸಿಯಂ ತುಂಬಿರುವುದರಿಂದ ಹಲ್ಲಿನಿಂದ ಕಸಿಯುವ ಗೋಜಿಗೆ ಹೋಗದು. ಊಟದ ಹುಳಿಗೆ ಅಂಜಬೇಕಾಗಿಲ್ಲ.

ಆದರೆ ಈ ದುರಸ್ತಿಗೆ ಕಾಲ ಬೇಕು. ಹುಳಿ ತಾಗಿದ ಪದರ ಮತ್ತೆ ಗಟ್ಟಿಯಾಗತೊಡಗಲು ಅರ್ಧ ಗಂಟೆಯಿಂದ ಒಂದು ಗಂಟೆಯಾದರೂ ಬಿಡುವಿರಬೇಕು. ಆ ಬಿಡುವಿನೊಳಗೆ ಮತ್ತೊಮ್ಮೆ ಹುಳಿ ಬಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆ ಬಿಡುವಿನಲ್ಲಿ ಹಲ್ಲನ್ನು ತಿಕ್ಕಿದರೆ ಮೆತ್ತಗಾಗಿದ್ದ ಪದರವೇ ಎದ್ದುಹೋಗುತ್ತದೆ. ಇದ್ದಿದ್ದರೆ ಗಟ್ಟಿಯಾಗುತ್ತಿತ್ತು, ಎದ್ದುಹೋದ ಮೇಲೆ ಗಟ್ಟಿಯಾಗಲು ಏನೂ ಉಳಿದಿರುವುದಿಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಸಂಗತಿಯಿದ್ದರೆ ಅದು ಇದು.

ಹುಳುಕು ಹಲ್ಲಿಗೂ ಈ ಸವೆತಕ್ಕೂ ವ್ಯತ್ಯಾಸವಿದೆ. ಹುಳುಕಿನಲ್ಲಿ ಸಿಹಿಯನ್ನು ತಿಂದು ಹುಳಿ ಮಾಡುವ ಸೂಕ್ಷ್ಮಜೀವಿಗಳು ಸಂದಿಯೊಂದರಲ್ಲಿ ಕುಳಿತು ಕುಳಿ ತೋಡುತ್ತವೆ. ಸವೆತದಲ್ಲಿ ಸೂಕ್ಷ್ಮಜೀವಿಗಳ ಪಾತ್ರವಿಲ್ಲ. ಹುಳಿಯು ಹೊರಗಿನಿಂದಲೋ ಹೊಟ್ಟೆಯಿಂದಲೋ ನೇರವಾಗಿ ಬಂದು ಅಗಲವಾದ ಮೈಯನ್ನು ನೆಕ್ಕುತ್ತದೆ. ಆದುದರಿಂದಲೇ ಬಾಯಿಯನ್ನು ಬಹಳ ಸ್ವಚ್ಛವಾಗಿಟ್ಟುಕೊಳ್ಳುವವರಲ್ಲಿಯೂ, ಕೆಲವೊಮ್ಮೆ ಅವರಲ್ಲಿಯೇ ಹೆಚ್ಚಾಗಿ, ಇದು ಕಾಣುತ್ತದೆ.

ನಮ್ಮ ಪ್ರಾಚೀನರು ಈ ಎರಡನ್ನೂ ಬೇರೆ ಬೇರೆಯಾಗಿಯೇ ಗುರುತಿಸಿದ್ದರು. ಸುಶ್ರುತಸಂಹಿತೆಯಲ್ಲಿ ಹಲ್ಲಿನ ರೋಗಗಳನ್ನು ಎಣಿಸುವಾಗ ಕ್ರಿಮಿದಂತಕ ಒಂದು, ದಂತಹರ್ಷ ಇನ್ನೊಂದು. ಹರ್ಷವೆಂದರೆ ಇಲ್ಲಿ ಸಂತೋಷವಲ್ಲ, ರೋಮಾಂಚನದಂತೆ ಹಲ್ಲು ಜುಮ್ಮೆನ್ನುವುದು. ಶೀತೋಷ್ಣಗಳನ್ನೂ ಸ್ಪರ್ಶವನ್ನೂ ತಾಳದ ಸ್ಥಿತಿ. ಕವಚ ತೆಳುವಾದಾಗ ಒಳಗಿನ ಡೆಂಟೀನಿನ ಅತಿಸೂಕ್ಷ್ಮ ನಾಳಗಳು ಬಯಲಾಗಿ, ತಣ್ಣೀರು ಸೋಕಿದೊಡನೆ ನರಕ್ಕೆ ಸುದ್ದಿ ಮುಟ್ಟುತ್ತದೆಂದು ಇಂದಿನ ವಿಜ್ಞಾನ ವಿವರಿಸುವುದು ಇದೇ ಅನುಭವವನ್ನು. ಅದೇ ಪಟ್ಟಿಯಲ್ಲಿ ಕಪಾಲಿಕಾ ಎಂಬ ರೋಗವೂ ಇದೆ: ಗಟ್ಟಿಗಟ್ಟಿದ ಕಿಟ್ಟದೊಡನೆ ಹಲ್ಲಿನ ಮೈಯೂ ಮಡಕೆಯ ಬೋಕಿಯಂತೆ ಕಳಚುವುದು. ಹುಳಿರಸದ ಅತಿಸೇವನೆಯ ದೋಷಗಳನ್ನು ಹೇಳುವ ಚರಕಸಂಹಿತೆ ಮೊದಲು ಹೆಸರಿಸುವುದು ಹಲ್ಲು ಜುಮ್ಮೆನ್ನುವುದನ್ನೇ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ದಂತರೋಗಿಯು ಬಿಡಬೇಕಾದವುಗಳ ಪಟ್ಟಿ ಇನ್ನೂ ವಿಚಾರಯೋಗ್ಯವಾಗಿದೆ. ಹುಳಿಹಣ್ಣು, ತಣ್ಣೀರು, ರೂಕ್ಷಾನ್ನ, ಅತಿ ಗಟ್ಟಿಯಾದ ತಿನಿಸು ಇವುಗಳ ಸಾಲಿನಲ್ಲಿಯೇ ದಂತಧಾವನವನ್ನೂ, ಅಂದರೆ ಹಲ್ಲುಜ್ಜುವುದನ್ನೂ, ಬಿಡಬೇಕೆಂದು ಹೇಳಿದೆ. ಹಲ್ಲುಜ್ಜುವುದನ್ನು ನಿತ್ಯಕರ್ಮವೆಂದು ವಿಧಿಸಿದ ಶಾಸ್ತ್ರವೇ ಹಲ್ಲು ನೊಂದಾಗ ಅದನ್ನು ತಡೆಯುತ್ತದೆ. ಹುಳಿಯನ್ನೂ ಉಜ್ಜುವಿಕೆಯನ್ನೂ ಒಟ್ಟಿಗೆ ನಿಲ್ಲಿಸಿದ ಈ ವಿವೇಕ ನನಗಂತೂ ಮೆಚ್ಚಿಕೆಯಾದುದು.

ಈಗ ಆಯುರ್ವೇದದ ಹೆಸರಿನಲ್ಲಿಯೇ ನಡೆಯುತ್ತಿರುವ ಒಂದು ರೂಢಿಯ ಮಾತನ್ನು ಹೇಳಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಿಸಿನೀರಿಗೆ ನಿಂಬೆರಸ, ಜೇನು ಬೆರೆಸಿ ಕುಡಿದರೆ ಮೈತೂಕ ಇಳಿಯುತ್ತದೆಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಹರಿದು ಈಗ ಹಳ್ಳಿಗಳನ್ನೂ ತಲುಪಿದೆ. ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ವರ್ಷ ಇದನ್ನು ತಪ್ಪದೆ ಪಾಲಿಸಿದ್ದರು. ಒಂದೊಂದೇ ಗುಟುಕಾಗಿ, ಬಾಯಾಡಿಸುತ್ತ, ಪತ್ರಿಕೆ ಓದುತ್ತ ಅರ್ಧ ಗಂಟೆ ಕುಡಿಯುವುದು. ಮುಗಿದೊಡನೆ ಬ್ರಷ್ ಹಿಡಿಯುವುದು. ಮೇಲಿನ ಮುಂಬಲ್ಲುಗಳ ಅಂಚು ಗಾಜಿನಂತೆ ಪಾರದರ್ಶಕವಾಗಿತ್ತು. ಮೈ ನುಣುಪಾಗಿ ಹಳದಿಗೆ ತಿರುಗಿತ್ತು. ಹಳದಿಯಾದುದನ್ನು ಅವರು ಕೊಳೆಯೆಂದೇ ತಿಳಿದು ಇನ್ನಷ್ಟು ಬಲವಾಗಿ ಉಜ್ಜುತ್ತಿದ್ದರು. ಅದು ಕೊಳೆಯಲ್ಲ, ಬಿಳಿಯ ಕವಚ ತೆಳುವಾಗಿ ಒಳಗಿನ ಡೆಂಟೀನಿನ ಬಣ್ಣ ಹೊರಗೆ ಕಾಣುತ್ತಿದ್ದುದು.

ಜೇನನ್ನು ಬಿಸಿ ಮಾಡಬಾರದು, ಬಿಸಿಯಾದುದರೊಡನೆ ಸೇವಿಸಬಾರದು ಎಂಬುದು ನಮ್ಮ ಸಂಹಿತೆಗಳ ಸ್ಪಷ್ಟ ನಿಷೇಧ. ವಮನದಂಥ ಚಿಕಿತ್ಸೆಗಳಲ್ಲಷ್ಟೇ ಅದಕ್ಕೆ ವಿನಾಯಿತಿ. ಹೀಗಿರುವಾಗ ಈ ಪಾನಕವನ್ನು ಆಯುರ್ವೇದದ ಮೇಲೆ ಹೊರಿಸುವುದು ನ್ಯಾಯವಲ್ಲ. ಇಷ್ಟಾಗಿಯೂ ನಿಂಬೆನೀರು ಬೇಕೆನ್ನುವವರು ಊಟದೊಡನೆ, ತೆಳುವಾಗಿ, ಬಾಯಲ್ಲಿ ಆಡಿಸದೆ ಕುಡಿದುಬಿಡಲಿ. ಸೇಬಿನ ವಿನೆಗರನ್ನು ಕುಡಿಯುವ ಹೊಸ ಹುಚ್ಚಿಗೂ ಇದೇ ಮಾತು. ಹಲ್ಲು ಬೆಳ್ಳಗಾಗಲೆಂದು ನಿಂಬೆಯ ಸಿಪ್ಪೆಯಿಂದಲೋ, ನಿಂಬೆರಸಕ್ಕೆ ಉಪ್ಪು ಬೆರೆಸಿಯೋ ಉಜ್ಜುವುದಂತೂ ಹಿತ್ತಾಳೆ ಬೆಳಗುವ ಕ್ರಮವನ್ನೇ ಬಾಯೊಳಗೆ ತಂದಂತೆ.

ಹೊರಗಿನ ಹುಳಿಗಿಂತ ಕಠಿಣವಾದುದು ಒಳಗಿನದು. ಜಠರರಸವು ನಿಂಬೆಗಿಂತಲೂ ತೀಕ್ಷ್ಣ. ಹುಳಿತೇಗು, ಎದೆಯುರಿ, ಗಂಟಲುರಿಗಳನ್ನು ಮಾಧವನಿದಾನವು ಅಮ್ಲಪಿತ್ತದ ಲಕ್ಷಣಗಳಲ್ಲಿ ಹೇಳುತ್ತದೆ. ರಾತ್ರಿ ತಡವಾಗಿ ಹೊಟ್ಟೆತುಂಬ ಉಂಡು ಒಡನೆಯೇ ಮಲಗುವವರಲ್ಲಿ ಈ ರಸ ಮೇಲೇರಿ ಬಾಯಿಯನ್ನು ಮುಟ್ಟುತ್ತದೆ. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗಿರುವುದರಿಂದ ತಣಿಸುವವರಿಲ್ಲ. ಇಂಥವರ ಮೇಲಿನ ಮುಂಬಲ್ಲುಗಳ ಒಳಮೈ, ಅಂದರೆ ನಾಲಗೆಯ ಕಡೆಯ ಮೈ, ಸವೆದಿರುತ್ತದೆ. ಕನ್ನಡಿಯಲ್ಲಿ ಅದು ಕಾಣದು. ಎದೆಯುರಿಯೇ ಇಲ್ಲವೆನ್ನುವವರಲ್ಲಿಯೂ ಕೆಲವೊಮ್ಮೆ ಹಲ್ಲೇ ಮೊದಲು ಸಾಕ್ಷಿ ನುಡಿಯುತ್ತದೆ. ಅಲ್ಲಿ ದಂತಮಂಜನ ಬದಲಿಸಿ ಪ್ರಯೋಜನವಿಲ್ಲ. ಅಮ್ಲಪಿತ್ತಕ್ಕೇ ಚಿಕಿತ್ಸೆಯಾಗಬೇಕು, ರಾತ್ರಿಯೂಟ ಹಗುರವಾಗಿ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಬೇಕು. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ವಾಂತಿಯಾದಾಗ ಬಾಯಿಯ ಕಹಿ ಹೋಗಲೆಂದು ಒಡನೆಯೇ ಹಲ್ಲುಜ್ಜುವ ಅಭ್ಯಾಸವಿದೆ. ಅದು ಬೇಡ. ಲೋಟ ನೀರಿಗೆ ಚಿಟಿಕೆ ಅಡುಗೆಸೋಡ ಬೆರೆಸಿ ಬಾಯಿ ಮುಕ್ಕಳಿಸಿದರೆ ಹುಳಿ ತಣಿಯುತ್ತದೆ. ಉಜ್ಜುವುದು ಒಂದು ಗಂಟೆಯ ನಂತರ. ವಾಂತಿಯುಳ್ಳವನು ದಂತಕಾಷ್ಠವನ್ನು ಬಳಸಬಾರದೆಂದು ಅಷ್ಟಾಂಗಹೃದಯವೂ ಹೇಳಿದೆ.

ಇನ್ನು ತೇಯುವಿಕೆ. ಒಲೆಯ ಬೂದಿ, ಇದ್ದಿಲು, ಭತ್ತದ ಹೊಟ್ಟನ್ನು ಸುಟ್ಟ ಕರಿ, ಇಟ್ಟಿಗೆಯ ಪುಡಿ, ಹರಳುಪ್ಪು ಇವುಗಳಿಂದ ನಮ್ಮ ಹಿರಿಯರು ಹಲ್ಲುಜ್ಜಿದರು. ಅವರ ಹಲ್ಲು ಗಟ್ಟಿಯಿದ್ದವೆಂದು ನಾವು ಹೊಗಳುತ್ತೇವೆ. ಗಟ್ಟಿಯಿದ್ದುದು ಬಹುಮಟ್ಟಿಗೆ ಅವರು ಸಕ್ಕರೆಯನ್ನು ಕಡಿಮೆ ತಿಂದುದರಿಂದ, ಬೂದಿಯಿಂದಲ್ಲ. ಭತ್ತದ ಹೊಟ್ಟಿನಲ್ಲಿ ಮರಳಿನ ಜಾತಿಯ ಸಿಲಿಕಾ ಹೇರಳವಾಗಿದೆ. ಸುಟ್ಟಾಗ ಉಳಿಯುವುದು ಮುಖ್ಯವಾಗಿ ಅದೇ. ಹಿಟ್ಟಿನಲ್ಲಿ ಬೆರೆತ ಕಲ್ಲುಮರಳಿನಿಂದಲೇ ಹಲ್ಲು ತೇಯಬಲ್ಲದೆಂಬುದಕ್ಕೆ ಪ್ರಾಚೀನ ಈಜಿಪ್ಟಿನ ಮಮ್ಮಿಗಳ ಚಪ್ಪಟೆಯಾದ ದವಡೆಹಲ್ಲುಗಳು ಸಾಕ್ಷಿಯಾಗಿವೆ. ಇದೇ ಇದ್ದಿಲು ಈಗ ಬಣ್ಣದ ಕೊಳವೆಯಲ್ಲಿ ಹೆಚ್ಚಿನ ಬೆಲೆಗೆ ಅಂಗಡಿಗೆ ಮರಳಿ ಬಂದಿರುವುದು ಕಾಲದ ಮಹಿಮೆ!

ಪುಡಿಗಿಂತಲೂ ಕೈಯ ಬಲ ಹೆಚ್ಚು ಹಾನಿ ಮಾಡುತ್ತದೆ. ಗಟ್ಟಿ ಕೂದಲಿನ ಬ್ರಷ್ಷನ್ನು ಗರಗಸದಂತೆ ಅಡ್ಡಡ್ಡಲಾಗಿ ಎಳೆಯುವವರ ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ, ಕೊಡಲಿಯೇಟು ಬಿದ್ದಂತೆ ಕಚ್ಚು ಕಾಣುತ್ತದೆ. ಬಲಗೈಯವರಲ್ಲಿ ಅದು ಎಡಗಡೆ ಹೆಚ್ಚು. ದಂತಕಾಷ್ಠದ ವಿಷಯದಲ್ಲಿ ನಮ್ಮ ಗ್ರಂಥಗಳು ಎಷ್ಟು ನಾಜೂಕಾಗಿದ್ದವೆಂದರೆ, ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ, ಗಂಟಿಲ್ಲದ ಕಡ್ಡಿಯಿರಬೇಕು, ತುದಿಯನ್ನು ಅಗಿದು ಮೃದುವಾದ ಕುಂಚ ಮಾಡಿಕೊಳ್ಳಬೇಕು, ವಸಡಿಗೆ ನೋವಾಗದಂತೆ ಉಜ್ಜಬೇಕು ಎಂದು ವಿಧಿಸಿದವು. ಬೇವಿನ ಕಡ್ಡಿ ಹಿಡಿದವರಲ್ಲಿ ಬಹುಮಂದಿ ಈ ಕೊನೆಯ ಎರಡು ಮಾತುಗಳನ್ನು ಮರೆಯುತ್ತಾರೆ. ಮೃದುವಾದ ಬ್ರಷ್ಷನ್ನು ಪೆನ್ನಿನಂತೆ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ.

ಹಲ್ಲಿಗೆ ಹಲ್ಲೇ ಉಜ್ಜಿ ಸವೆಯುವುದು ಮೂರನೆಯ ಬಗೆ. ನಿದ್ರೆಯಲ್ಲಿ ಹಲ್ಲು ಕಡಿಯುವವರ ದವಡೆಹಲ್ಲುಗಳ ನೆತ್ತಿ ಸಪಾಟಾಗುತ್ತದೆ. ಬೆಳಿಗ್ಗೆ ಕೆನ್ನೆಯ ಸ್ನಾಯು ನೋಯುವುದೂ ತಲೆ ಭಾರವಾಗುವುದೂ ಇದರ ಸೂಚನೆ. ದಿನವೆಲ್ಲ ಗಟ್ಟಿ ಅಡಿಕೆ ಅಗಿಯುವವರಲ್ಲಿಯೂ ಹೀಗೆಯೇ; ಆದರೆ ಅಡಿಕೆಯ ವಿಷಯದಲ್ಲಿ ಹಲ್ಲಿನ ಸವೆತ ಚಿಕ್ಕ ಚಿಂತೆ. ಅದು ಬಾಯಿಯ ಕ್ಯಾನ್ಸರಿಗೆ ಕಾರಣವಾಗುವುದು ಸಿದ್ಧಪಟ್ಟ ಸಂಗತಿ.

ಹಾಗಾದರೆ ಮಾಡಬೇಕಾದುದೇನು? ಎದ್ದೊಡನೆ, ಏನನ್ನೂ ಸೇವಿಸುವ ಮೊದಲೇ ಹಲ್ಲುಜ್ಜುವ ನಮ್ಮ ಹಳೆಯ ಕ್ರಮ ಈ ದೃಷ್ಟಿಯಿಂದ ಒಳ್ಳೆಯದು, ಅದನ್ನು ಉಳಿಸಿಕೊಳ್ಳೋಣ. ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಉಜ್ಜಬೇಕು. ಹುಳಿಯಾದುದೇನನ್ನು ತಿಂದರೂ ಕುಡಿದರೂ ಒಡನೆಯೇ ಬರಿನೀರಿನಿಂದ ಬಾಯಿ ಮುಕ್ಕಳಿಸಬೇಕು. ಉಂಡ ಕೂಡಲೇ ಬಾಯಿ ಮುಕ್ಕಳಿಸುವುದನ್ನು ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆವು. ಹೋಟೆಲುಗಳಲ್ಲಿ ಕಾಗದದಿಂದ ತುಟಿ ಒರೆಸಿ ಏಳುವ ಕಾಲದಲ್ಲಿ ಅದು ತಪ್ಪಿಹೋಗುತ್ತಿದೆ. ಬಾಯಿ ಸದಾ ಒಣಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಮಧುಮೇಹದಲ್ಲಿಯೂ, ರಕ್ತದೊತ್ತಡ, ಅಲರ್ಜಿ, ಖಿನ್ನತೆಗಳ ಕೆಲವು ಔಷಧಗಳಿಂದಲೂ ಜೊಲ್ಲು ಕಡಿಮೆಯಾಗುತ್ತದೆ. ಹಾಗೆಂದು ಔಷಧವನ್ನು ತಾವೇ ನಿಲ್ಲಿಸಬಾರದು.

ಎಳ್ಳೆಣ್ಣೆಯ ಗಂಡೂಷವನ್ನು ಚರಕಸಂಹಿತೆ ಹೊಗಳಿದೆ. ಅದರಿಂದ ಹುಳಿಗೆ ಹಲ್ಲು ಜುಮ್ಮೆನ್ನದು, ಗಟ್ಟಿ ತಿನಿಸನ್ನೂ ಅಗಿಯಬಹುದು ಎಂದಿದೆ. ನನ್ನ ರೋಗಿಗಳಲ್ಲಿ ಅನೇಕರಿಗೆ ಜುಮ್ಮೆನ್ನುವಿಕೆ ಇದರಿಂದ ಇಳಿದಿದೆ. ಬೆಳಿಗ್ಗೆ ಒಂದು ಚಮಚ ಉಗುರುಬೆಚ್ಚಗಿನ ಎಣ್ಣೆಯನ್ನು ಐದು ನಿಮಿಷ ಬಾಯಲ್ಲಿಟ್ಟು ಉಗುಳಬೇಕು, ನುಂಗಬಾರದು. ಆದರೆ ಇದು ಕಳೆದುಹೋದ ಎನಾಮೆಲನ್ನು ಬೆಳೆಸುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಲೋರೈಡ್ ಇರುವ ಪೇಸ್ಟಿನ ಬಗೆಗೂ ನಮ್ಮವರಲ್ಲಿ ಅನುಮಾನವಿದೆ. ಹುಳಿಗೆ ಸುಲಭವಾಗಿ ಕರಗದ ಹರಳನ್ನು ಅದು ಕಟ್ಟುತ್ತದೆಂಬುದು ಸತ್ಯ. ಆಯುರ್ವೇದ ವೈದ್ಯನೆಂಬ ಕಾರಣಕ್ಕೆ ಅದನ್ನು ಮುಚ್ಚಿಡಲಾರೆ. ಅದೇ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಮಕ್ಕಳಲ್ಲಿ ಹಲ್ಲು ಕಂದುಗಟ್ಟಿ ಹೆಕ್ಕಳಿಕೆ ಏಳುವುದನ್ನು ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಊರುಗಳಲ್ಲಿ ಕಾಣುತ್ತೇವೆ. ಬಟಾಣಿಯಷ್ಟು ಪೇಸ್ಟು ಹಚ್ಚಿ ಉಗುಳುವುದು ಬೇರೆ, ದಿನವೂ ಲೀಟರುಗಟ್ಟಲೆ ಕುಡಿಯುವುದು ಬೇರೆ.

ಹಲ್ಲಿನ ನೆತ್ತಿಯಲ್ಲಿ ಸಣ್ಣ ಬಟ್ಟಲಿನಂಥ ತಗ್ಗು ಕಂಡರೆ, ಹಿಂದೆ ತುಂಬಿಸಿದ ಸಿಮೆಂಟು ಸುತ್ತಲಿನ ಹಲ್ಲಿಗಿಂತ ಎತ್ತರವಾಗಿ ನಾಲಗೆಗೆ ತಾಗಿದರೆ, ಅಂಚು ಚಕ್ಕೆಯೇಳತೊಡಗಿದರೆ ದಂತವೈದ್ಯರನ್ನು ಕಾಣುವುದನ್ನು ಮುಂದೂಡಬಾರದು. ಅವರು ಮೇಲೊಂದು ಹೊದಿಕೆಯನ್ನು ಕೂಡಿಸಬಲ್ಲರು. ಆದರೆ ಹುಳಿಯ ಮೂಲವನ್ನು ನಿಲ್ಲಿಸದಿದ್ದರೆ ಹೊದಿಕೆಯ ಅಂಚಿನ ಸುತ್ತ ಹಲ್ಲು ಮತ್ತೆ ಸವೆಯುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೂ ಬೇಗ ಎಚ್ಚರವಹಿಸಬೇಕು. ಹಾಲುಹಲ್ಲಿನ ಕವಚ ದೊಡ್ಡವರದಕ್ಕಿಂತ ತೆಳುವು, ಮೃದು. ಜೂಸಿನ ಪೊಟ್ಟಣಕ್ಕೆ ಕೊಳವೆ ಚುಚ್ಚಿ ಗಂಟೆಗಟ್ಟಲೆ ಚೀಪುತ್ತ ಆಡುವ ಮಗುವಿಗೆ ಅದನ್ನು ಊಟದ ಹೊತ್ತಿನಲ್ಲಿ ಒಂದೇ ಸಲಕ್ಕೆ ಕುಡಿಸಿ, ಮೇಲೆ ನಾಲ್ಕು ಗುಟುಕು ನೀರು ಕೊಡಿ. ರಾತ್ರಿ ಹಾಸಿಗೆಗೆ ಹೋಗುವಾಗ ನೀರಿನ ಹೊರತು ಬೇರೇನನ್ನೂ ಕೊಡಬೇಡಿ.